ಕಿವಿಯಿಂದ ಓಡಿಸುವ ಗಾಡಿ

ಹಳೆಯ ಗಾಡಿಯ ಮಾತನ್ನು ಟೀವಿಗಿಂತ ರೇಡಿಯೋದಲ್ಲಿ ಆಡುವುದೇ ಸರಿ. ನಾನು ಹೇಳಹೊರಟ ಗಾಡಿಯನ್ನು ಎಲ್ಲರೂ ನೋಡುವ ಮೊದಲೇ ಕೇಳಿರುತ್ತಾರೆ. ಓಣಿಯ ಆ ತುದಿಯಲ್ಲಿ ಡಗ್... ಡಗ್ಡಗ್... ಡಗ್ ಎಂದು ತಾಳ ತಪ್ಪಿದಂಥ ಸದ್ದು, ಬೆನ್ನಿಗೆ ನೀಲಿ ಹೊಗೆ, ಆಮೇಲೆ ಗಾಡಿ. ಜಾವಾ. ಅದರ ತಮ್ಮ ಯೆಜ್ಡಿ.

ದೊಡ್ಡ ಊರುಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಭಾನುವಾರ ಕೂಡಿ ಸವಾರಿ ಹೊರಡುವುದುಂಟು. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿ ನವೆಂಬರಿನಲ್ಲಿ ಹೊರಡುವ ಸವಾರಿಗೆ 1905ಕ್ಕಿಂತ ಹಿಂದಿನ ಕಾರೇ ಆಗಬೇಕು. ನಮ್ಮ ಬೀದರ್, ಜಹೀರಾಬಾದ್ ಸೀಮೆಯಲ್ಲಿ ಅಂಥ ಕಾರು ಯಾರ ಅಂಗಳದಲ್ಲಿತ್ತು, ಹೇಳಿ? ನಮ್ಮಲ್ಲಿ ಇದ್ದದ್ದು ಕಾಕಾ ಸಂತೆಗೆ ಹೋಗುತ್ತಿದ್ದ ಜಾವಾ, ಮಾವ ಮದುವೆಯಲ್ಲಿ ಪಡೆದ ಯೆಜ್ಡಿ. ಹಾಗಾಗಿ ನಮ್ಮ ಕ್ಲಬ್ಬೂ ಅವುಗಳದ್ದೇ. ಕ್ಲಬ್ಬು ಎಂದರೆ ಬೋರ್ಡಿಲ್ಲ, ಕಚೇರಿಯಿಲ್ಲ. ಎಂಟು ಗಾಡಿ, ಒಂದು ವಾಟ್ಸಾಪ್ ಗುಂಪು, ಬೈಯುತ್ತಲೇ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ.

ಜಾವಾ ಎಂದರೆ ದ್ವೀಪದ ಹೆಸರೆಂದು ಶಾಲೆಯಲ್ಲಿ ನಾವು ನಂಬಿದ್ದೆವು. ಅಲ್ಲ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡ. ರೋಮನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರ JA, ಅದರ ಹೆಸರಿನ ಮೊದಲೆರಡು ಅಕ್ಷರ WA ಕೂಡಿಸಿ ಜಾವಾ ಎಂದ. ಈ ಗಾಡಿ 1961ರಲ್ಲಿ ಮೈಸೂರಿನ ಯಾದವಗಿರಿಗೆ ಬಂತು. ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದವರು ಇರಾನಿ ಎಂಬ ಪಾರ್ಸಿ ಮನೆತನದವರು, ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಗಾಡಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಈ ಗಾಡಿಯ ಕುಸುರಿ ನೋಡಿ. ಸಿಲಿಂಡರು ಒಂದೇ, ಸೈಲೆನ್ಸರು ಎರಡು, ಎಡಕ್ಕೊಂದು ಬಲಕ್ಕೊಂದು. ಕಿಕ್ ಹೊಡೆಯುವ ಕೋಲನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದರೆ ಅದೇ ಗೇರು. ಗೇರನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತದೆ, ಕೈ ಹಿಡಿಯದಿದ್ದರೂ ನಡೆಯುತ್ತದೆ. ಒಂದೇ ಕಬ್ಬಿಣಕ್ಕೆ ಎರಡು ಕೆಲಸ ಹಚ್ಚಿದ ಆ ಚೆಕ್ ಎಂಜಿನಿಯರನಿಗೆ ನಮ್ಮ ಒಕ್ಕಲಿಗರ ಬುದ್ಧಿ ಇತ್ತೆಂದು ನನಗೆ ಅನುಮಾನ.

ಇನ್ನು ಸದ್ದು. ಇದು ಎರಡು ಸ್ಟ್ರೋಕಿನ ಎಂಜಿನ್, ಪ್ರತಿ ಸುತ್ತಿಗೂ ಒಮ್ಮೆ ಕಿಡಿ. ಆದರೆ ಗಾಡಿ ನಿಂತಿದ್ದು ಎಂಜಿನ್ ಮಾತ್ರ ತಿರುಗುವಾಗ ಹೊಗೆ ಪೂರ್ತಿ ಹೊರಬೀಳದೆ ಕೆಲವು ಸುತ್ತು ಖಾಲಿ ಹೋಗುತ್ತವೆ. ಆ ತಾಳ ತಪ್ಪುವುದು ಅದರಿಂದ. ಆಕ್ಸಲೇಟರ್ ಕೊಟ್ಟ ಕೂಡಲೇ ತಾಳ ಕೂಡಿ, ಸದ್ದು ದಾರದಂತೆ ಎಳೆಯುತ್ತದೆ. ಸವಾರ ಕೇಳಬೇಕಾದದ್ದು ಆ ದಾರವನ್ನೇ. ಇದರಲ್ಲಿ ಆಯಿಲ್ಲು ಪೆಟ್ರೋಲಿನಲ್ಲೇ ಬೆರೆತಿರುತ್ತದೆ, ಲೀಟರಿಗೆ 30-40 ಎಂಎಲ್. ಪೆಟ್ರೋಲು ಹೋದರಷ್ಟೇ ಆಯಿಲ್ಲು ಹೋಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಲೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಇಳಿದಿರೋ, ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಒಳಗೆ ಎಣ್ಣೆಯ ಪಸೆ ಇರುವುದಿಲ್ಲ. ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಇದ್ದಲ್ಲೇ ನಿಲ್ಲುತ್ತದೆ. ಕಚ್ಚುವ ಮೊದಲು ಸದ್ದು ಬಿಗಿಯಾಗುತ್ತದೆ, ಅಳುವ ಮಗು ಉಸಿರು ಹಿಡಿದಂತೆ. ಆ ಒಂದು ಕ್ಷಣದಲ್ಲಿ ಕ್ಲಚ್ಚು ಹಿಡಿದವನು ಉಳಿದ. ಅದಕ್ಕೇ ಬಲ್ಲವರು ಇಳಿಜಾರಿನಲ್ಲೂ ನಡುನಡುವೆ ಆಕ್ಸಲೇಟರನ್ನು ಚೂರು ತಿರುವುತ್ತಿರುತ್ತಾರೆ. ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ಚಿಂಚೋಳಿ ಕಡೆಯ ಒಂದು ಇಳಿಜಾರು ಮತ್ತು ನನ್ನ ಎಡಮೊಳಕೈಯ ಕಲೆ.

ಕೂಡಿ ಓಡಿಸುವುದು ಇನ್ನೂ ಕಷ್ಟದ ವಿದ್ಯೆ. ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ, ಮಿಸ್ತ್ರಿ ಕೊನೆಗೆ. ನಾವು ಹೊಸದಾಗಿ ಶುರುಮಾಡಿದಾಗ ಉಲ್ಟಾ ಮಾಡಿದ್ದೆವು. ಜೋರಿನವರು ಹುಮನಾಬಾದ್ ಮುಟ್ಟಿದಾಗ ಉಳಿದವರು ಇನ್ನೂ ರಾಜ್ಯದ ಗಡಿಯಲ್ಲಿ ಪ್ಲಗ್ ಒರೆಸುತ್ತಿದ್ದರು. ಈಗ ಗಂಟೆಗೆ ಐವತ್ತು ಕಿಲೋಮೀಟರ್ ಮೀರುವುದಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ನಮಗೆ ಹಾರ್ನ್ ಹೊಡೆದು ಹೋಗುತ್ತವೆ. ಹೋಗಲಿ.

ಹೋದ ಸುಗ್ಗಿಯಲ್ಲಿ ಬೀದರಿನಿಂದ ಜಹೀರಾಬಾದಿಗೆ ಬಂದು, ಅಲ್ಲಿಂದ ಮೊಗುಡಂಪಲ್ಲಿ ಕಡೆ ಹೊರಳಿದೆವು. ಜಹೀರಾಬಾದಿನಲ್ಲಿ ಮಹೀಂದ್ರಾದವರ ಟ್ರ್ಯಾಕ್ಟರ್ ಕಾರ್ಖಾನೆ ಇದೆ. 2018ರಲ್ಲಿ ಜಾವಾ ಹೆಸರನ್ನು ಮತ್ತೆ ಬಜಾರಿಗೆ ತಂದ ಕಂಪನಿಯೂ ಅದೇ ಬಳಗದ್ದು. ಹೊಸ ಜಾವಾ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಯುವ ಎಂಜಿನ್. ಒಳ್ಳೆಯ ಗಾಡಿಯೇ. ಆದರೆ ಅದಕ್ಕೆ ನಮ್ಮ ಕಿವಿಯ ಹಂಗಿಲ್ಲ.

ಮೊಗುಡಂಪಲ್ಲಿ ಸಂಗಾರೆಡ್ಡಿ ಜಿಲ್ಲೆಯ ಮಂಡಲ ಕೇಂದ್ರ, ಕರ್ನಾಟಕದ ಅಂಚಿಗೇ ಇದೆ. ಕೆಂಪು ನೆಲ, ಕಬ್ಬು, ಶುಂಠಿ, ತೊಗರಿ. ಅಂಗಡಿಯ ಬೋರ್ಡು ತೆಲುಗಿನಲ್ಲಿ, ಚೌಕಾಶಿ ಉರ್ದುವಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಅಲ್ಲಿ ದಾರಿ ಬದಿಯ ಒಂದು ಚಾದಂಗಡಿಯಲ್ಲಿ ಎಂಟೂ ಗಾಡಿ ನಿಲ್ಲಿಸಿದೆವು. ಹುಡುಗರು ಬಂದು ಫೋಟೋ ತೆಗೆದುಕೊಂಡರು. ಅಂಗಡಿಯ ಆಯಿ ಮಾತ್ರ ಗಾಡಿಗಳತ್ತ ತಿರುಗಿಯೂ ನೋಡಲಿಲ್ಲ, ಭಜಿ ಕರಿಯುತ್ತಲೇ ಕೇಳಿದಳು: “ಮೂರನೇದು ಯಾರ್ದಪ್ಪಾ?”

ನನ್ನದೇ. ಏಕೆಂದು ಕೇಳಿದೆ.

“ಅದರ ದನಿ ಮಂದ ಅದ. ಒಂದು ಕೊಳವಿ ಕಟ್ಟ್ಯದ ನೋಡು.”

ಮಿಸ್ತ್ರಿ ನಕ್ಕ. ನಾನೂ ನಕ್ಕೆ. ಆಯಿ ನಗಲಿಲ್ಲ.

“ನಮ್ಮವರದು ಬಿ ಇದೇ ಗಾಡಿ ಇತ್ತು. ನಾಕು ಹೊಲದ ಆಚಿ ಇರೋದ್ರಾಗ ನನಗ ಕೇಳಸ್ತಿತ್ತು. ಕೇಳಿದ ಮ್ಯಾಗ ರೊಟ್ಟಿ ಬಡಿಯೋಕ ಕೂಡ್ತಿದ್ದೆ. ಬಂದು ಕಾಲು ತೊಳಕೊಳ್ಳೋದ್ರಾಗ ಬಿಸಿ ರೊಟ್ಟಿ.”

ಮಿಸ್ತ್ರಿ ನನ್ನ ಗಾಡಿಗೆ ಕಿಕ್ ಹೊಡೆದು ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ. ಬಲಕ್ಕೆ ಹಿಡಿದ ಕೈ ದಬದಬ ದೂಡಿಸಿಕೊಂಡಿತು. ಎಡಕ್ಕೆ ಹಿಡಿದದ್ದು ಸುಮ್ಮನಿತ್ತು. ಎಣ್ಣೆಯ ಮಸಿ ಗಟ್ಟಿಯಾಗಿ ಒಳಗಿನ ಜಾಲಿ ಮುಚ್ಚಿತ್ತು. ಬೀದರಿನಿಂದ ಅಲ್ಲಿಯವರೆಗೆ ಅದರ ಮೇಲೆ ಕುಳಿತು ಬಂದವನು ನಾನು, ಮತ್ತು ಇಷ್ಟು ಹೊತ್ತು ನಿಮಗೆ ಕಿವಿಯ ಬಗ್ಗೆ ಹೇಳುತ್ತಿರುವವನೂ ನಾನೇ.

ಮಸಿಯನ್ನು ಬೆಂಕಿಯಲ್ಲಿ ಸುಟ್ಟು ತೆಗೆಯಬೇಕು. ಮಿಸ್ತ್ರಿ ಜಾಲಿಯನ್ನು ಕಿತ್ತು ಅತ್ತಿತ್ತ ನೋಡಿದ, ಆಮೇಲೆ ಆಯಿಯ ಒಲೆಯತ್ತ ನೋಡಿದ.

“ಏ, ಅದನ್ನ ಮಾತ್ರ ಕೇಳಬ್ಯಾಡ” ಅಂದಳು ಆಯಿ. “ಅವರು ಬಿ ಒಮ್ಮೆ ನನ್ನ ಒಲ್ಯಾಗ ಇಟ್ಟಿದ್ರು. ಮೂರು ದಿನ ರೊಟ್ಟಿಗೆಲ್ಲ ಅದೇ ವಾಸನಿ. ಹಿತ್ತಲಾಗ ತೊಗರಿ ಕಟಗಿ ಬಿದ್ದಾವ, ಅಲ್ಲಿ ಹಚ್ಚಕೋ ಹೋಗು.”