ಉಸಿರು ಸಲೀಸಾಗಿರುವ ದಿನಗಳ ಔಷಧಿ



ಅಸ್ತಮಾ ಎಂದೊಡನೆ ನೆನಪಾಗುವುದು ನಡುರಾತ್ರಿ ಮಂಚದಂಚಿನಲ್ಲಿ ಕೂತು ಸುಯ್ ಸುಯ್ ಎಂದು ಉಸಿರೆಳೆಯುವ ಮನುಷ್ಯ. ವೈದ್ಯನಾಗಿ ನನಗೆ ಹೆಚ್ಚು ಚಿಂತೆ ಅವನು ಚೆನ್ನಾಗಿರುವ ದಿನಗಳದ್ದು. ಉಬ್ಬಸ ಇಳಿದರೂ ಶ್ವಾಸನಾಳದ ಒಳಪದರದ ಉರಿಯೂತ ಅಷ್ಟು ಬೇಗ ಇಳಿಯುವುದಿಲ್ಲ. ದೂಳೋ, ನೆಗಡಿಯೋ, ಊದುಬತ್ತಿಯ ಹೊಗೆಯೋ ಒಂದು ನೆಪ ಸಿಕ್ಕರೆ ಸಾಕು, ನಾಳದ ಸುತ್ತಲಿನ ಸ್ನಾಯು ಬಿಗಿದು, ಕಫ ಕಟ್ಟಿ, ಮತ್ತೆ ಅದೇ ರಾತ್ರಿ.

ನಮ್ಮಲ್ಲಿ ಔಷಧಿ ನಡೆಯುವುದು ಮಾತ್ರ ಉಬ್ಬಸ ಇರುವಷ್ಟು ದಿನ. ಜೇಬಿನಲ್ಲಿ ನೀಲಿ ಪಂಪ್ ಇರುತ್ತದೆ. ಅದರೊಳಗಿನ ಸಾಲ್ಬ್ಯುಟಮಾಲ್ ಕೆಲವೇ ನಿಮಿಷಗಳಲ್ಲಿ ಸ್ನಾಯುವನ್ನು ಸಡಿಲಿಸುತ್ತದೆ, ನಾಲ್ಕಾರು ಗಂಟೆ ಆರಾಮ. ಉರಿಯೂತ ಇದ್ದಲ್ಲೇ ಇರುತ್ತದೆ. ಅದನ್ನು ತಗ್ಗಿಸುವುದು ಉಸಿರಿನೊಂದಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್. ಈ ಬಗೆಯ ಬೆಕ್ಲೊಮೆಥಸೋನ್ 1972ರಲ್ಲೇ ಬಂತು. ನೀಲಿ ಪಂಪನ್ನೇ ನಂಬಿದವರಿಗೆ ಅಪಾಯವಿದೆ: 200 ಸಲ ಒತ್ತಬಹುದಾದ ಪಂಪ್ ವರ್ಷಕ್ಕೆ 3 ಖಾಲಿಯಾದರೆ ಉಲ್ಬಣದ ಸಾಧ್ಯತೆ ಹೆಚ್ಚು, 12 ಆದರೆ ಜೀವಕ್ಕೇ ಕುತ್ತು. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಜಾಗತಿಕ ಸಂಸ್ಥೆ ಗೀನಾ, ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬ್ಯುಟಮಾಲ್ ಒಂದನ್ನೇ ಕೊಡುವುದು ಬೇಡವೆಂದು 2019ರಲ್ಲಿ ಹೇಳಿತು. ಉರಿಯೂತ ತಗ್ಗಿಸುವ ಬುಡೆಸೊನೈಡ್, ನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಎರಡೂ ಇರುವ ಪಂಪ್ ಈಗ ಸಿಗುತ್ತದೆ.

‘ಪಂಪ್ ಚಟವಾಗುತ್ತದಂತೆ, ಮಾತ್ರೆಯನ್ನೇ ಕೊಡಿ ಡಾಕ್ಟ್ರೇ’ ಎನ್ನುವ ಮಾತು ಎಲ್ಲ ಊರಲ್ಲೂ ಇದೆ. ಲೆಕ್ಕ ಹಾಕಿ ನೋಡಿ. ಸಾಲ್ಬ್ಯುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಪಂಪನ್ನು ಒಮ್ಮೆ ಒತ್ತಿದರೆ 100 ಮೈಕ್ರೋಗ್ರಾಂ. 40 ಸಲ ಒತ್ತಿದಷ್ಟು ಔಷಧಿಯನ್ನು ಒಂದು ಮಾತ್ರೆಯಲ್ಲಿ ನುಂಗಿ, ರಕ್ತದಲ್ಲೆಲ್ಲ ಹರಿಸಿ, ಕೈ ನಡುಗಿಸಿಕೊಂಡು, ಎದೆ ಡವಗುಟ್ಟಿಸಿಕೊಂಡು, ಪಂಪ್‌ಗೆ ಹೆದರುತ್ತೇವೆ.

ಮೃಗಶಿರ ಮಳೆ ಹುಟ್ಟುವಾಗ, ಅಸ್ತಮಾಕ್ಕೆಂದು ಕೊಡುವ ಮೀನಿನ ಔಷಧಿಗಾಗಿ ನಮ್ಮ ರಾಜ್ಯದಿಂದಲೂ ಜನ ಹೈದರಾಬಾದಿಗೆ ಹೋಗುತ್ತಾರೆ. ಒಂದೇ ಗುಕ್ಕಿನಲ್ಲಿ ಗುಣವಾಗಲೆಂಬ ಆಸೆ ನನಗೆ ಅರ್ಥವಾಗುತ್ತದೆ. ಅವರನ್ನು ಕೈಮುಗಿದು ಕೇಳುವುದು ಇಷ್ಟೇ: ದಿನದ ಪಂಪ್ ನಿಲ್ಲಿಸಬೇಡಿ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ 1979ರಲ್ಲಿ ಶೇ 9 ಮಕ್ಕಳಿಗಿದ್ದ ಅಸ್ತಮಾ 1999ರಲ್ಲಿ ಶೇ 29.5ಕ್ಕೇರಿತ್ತು. ಆ ಮಕ್ಕಳು ಈಗ ತಾಯಿ ತಂದೆಯರು. ಆದರೂ ಹೆಣ್ಣು ನೋಡಲು ಬರುವ ದಿನ ಪಂಪನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳಿವೆ. ಮದುವೆಯಾದ ಮೇಲೆ ಗುಟ್ಟಾಗಿ ಎಳೆಯಲು ಹೋಗಿ ಡೋಸ್ ತಪ್ಪಿಸಿಕೊಳ್ಳುವ ಹುಡುಗಿಯರ ಸಂಕಟ ನನ್ನನ್ನು ಬಹಳ ಕಾಡಿದೆ. ಗರ್ಭಿಣಿಯಾದಾಗ ‘ಮಗುವಿಗೆ ತೊಂದರೆ’ ಎಂದು ಅದನ್ನೂ ಬಿಡಿಸುತ್ತಾರೆ. ಮಗುವಿಗೆ ನಿಜವಾದ ತೊಂದರೆ ತಾಯಿಯ ಉಬ್ಬಸದಿಂದ.

ಎಳೆಯುವ ಕ್ರಮವನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ಮಾಡಿ ತೋರಿಸಿ. ಗ್ಯಾಸಿನ ಪಂಪ್ ಆದರೆ ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿಯದ್ದಾದರೆ ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಬೂಷ್ಟು ಕಟ್ಟಬಹುದು. ಮಕ್ಕಳಿಗೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಕೊಳವೆ, ಅಂದರೆ ಸ್ಪೇಸರ್ ಬೇಕು. ಕೊಳ್ಳಲಾಗದ ಮನೆಗೆ ದಾರಿಯಿದೆ: ಅರ್ಧ ಲೀಟರ್ ನೀರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಹಿಡಿಯುವಷ್ಟು ತೂತು ಕೊರೆದು, ಸಂದಿಗೆ ಅಂಟು ಹಾಕಿ ಮುಚ್ಚಿದರೆ, ಅದು ಕೊಂಡ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ತೋರಿಸಿದ್ದಾರೆ.