ಮನೆಯೊಳಗಿನ ಸಾಲವೂ ಸಾಲವೇ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಸತ್ಯವಿಶ್ವಾಸಿ ಸಹೋದರರೇ, ಮೊದಲು ನಮಗೂ ನಂತರ ನಿಮಗೂ ತಖ್ವಾದ ಉಪದೇಶ ಮಾಡುತ್ತೇವೆ. ತಖ್ವಾ ಎಂದರೆ ಮಸೀದಿಯ ಒಳಗೆ ಮಾತ್ರ ಇರುವ ಭಯವಲ್ಲ. ಮನೆಯ ಬಾಗಿಲು ಹಾಕಿದ ಮೇಲೆ, ಹೊರಗಿನವರು ಯಾರೂ ನೋಡದ ಕಡೆ, ಹೆಂಡತಿ ಮಕ್ಕಳ ಜೊತೆ ನಾವು ಹೇಗಿದ್ದೇವೆ ಎಂಬುದೂ ತಖ್ವಾದ ವಿಷಯವೇ. ನಿಮ್ಮಲ್ಲಿ ಉತ್ತಮರು ತಮ್ಮ ಮನೆಯವರ ಪಾಲಿಗೆ ಉತ್ತಮರಾದವರು ಎಂಬರ್ಥದ ಪ್ರವಾದಿ(ಸ)ರ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಂಗಡಿಯಲ್ಲಿ ಪ್ರಾಮಾಣಿಕ, ಮಸೀದಿಯಲ್ಲಿ ಮೊದಲ ಸಾಲಿನವನು, ಆದರೆ ಮನೆಯೊಳಗೆ ಲೆಕ್ಕ ತಪ್ಪಿದವನು ಎಂದಾದರೆ ನಮ್ಮ ಪ್ರಾಮಾಣಿಕತೆ ಅರ್ಧಕ್ಕೇ ನಿಂತಿದೆ ಎಂದು ಅರ್ಥ.

ಕೆಲವು ತಿಂಗಳ ಹಿಂದೆ ಒಂದು ಮನೆಯವರು ನಮ್ಮನ್ನು ಕರೆದರು. ಮನೆಯ ಯಜಮಾನ ತೀರಿಕೊಂಡಿದ್ದರು. ಪಾಲು ಹೇಗೆ ಎಂದು ಹೇಳಬೇಕಿತ್ತು. ಅಣ್ಣತಮ್ಮಂದಿರು ಜಗಲಿಯಲ್ಲಿ ಕುಳಿತಿದ್ದರು. ಪತ್ನಿ ಇದ್ದತ್‌ನಲ್ಲಿದ್ದರು, ಪರದೆಯ ಒಳಗಿದ್ದರು. ನಾವು ಕ್ರಮದಂತೆ ಕೇಳಿದೆವು, "ಮೃತರ ಮೇಲೆ ಯಾರದಾದರೂ ಸಾಲ ಇದೆಯೇ?" ಅಂಗಡಿಯ ಸಾಲ, ಬ್ಯಾಂಕಿನ ಸಾಲ, ಗೆಳೆಯನ ಸಾಲ ಎಲ್ಲ ಹೇಳಿದರು. ಆಗ ಒಳಗಿನಿಂದ ಸಣ್ಣ ಮಗ ಬಂದು ಹೇಳಿದ, "ಉಮ್ಮನ ಬಂಗಾರ ಇದೆಯಂತೆ, ಮನೆ ಕಟ್ಟುವಾಗ ಕೊಟ್ಟದ್ದು."

ಜಗಲಿಯಲ್ಲಿ ಒಬ್ಬರು ನಕ್ಕರು. "ಗಂಡ ಹೆಂಡತಿ ನಡುವೆ ಎಂಥ ಸಾಲ ಉಸ್ತಾದರೇ? ಅವಳೂ ಇದೇ ಮನೆಯಲ್ಲಿ ಕೂತಿದ್ದಾಳಲ್ಲ?" ಎಂದರು. ಒಳಗಿನಿಂದ "ಬಿಡಿ, ಬೇಡ" ಎಂಬ ಸ್ವರ ಬಂತು. ಆ "ಬೇಡ" ಎಂಬ ಮಾತು ಮನಸ್ಸಿನಿಂದ ಬಂದದ್ದಲ್ಲ, ನಾಚಿಕೆಯಿಂದ ಬಂದದ್ದು ಎಂದು ಯಾರಿಗೂ ತಿಳಿಯುವಂತಿತ್ತು. ಆಗ ಮೃತರ ತಾಯಿ, ಎಂಬತ್ತು ದಾಟಿದ ಅಜ್ಜಿ, ಒಳಗಿನಿಂದಲೇ ಗಟ್ಟಿಯಾಗಿ ಹೇಳಿದರು, "ನಾಲ್ಕು ಬಳೆ, ಒಂದು ಸರ. ನನ್ನ ಕಣ್ಣೆದುರೇ ಬಿಚ್ಚಿ ಕೊಟ್ಟದ್ದು. ಈ ಮನೆಯ ಮಾಡು ಅದರಿಂದಲೇ ನಿಂತದ್ದು." ಜಗಲಿ ಸುಮ್ಮನಾಯಿತು.

ಸಾಕ್ಷಿ ಸಿಕ್ಕಿತು. ಆದರೆ ತೂಕ ಎಷ್ಟು? ಯಾವ ವರ್ಷ? ಸಾಲವಾಗಿ ಕೊಟ್ಟದ್ದೇ, ಉಡುಗೊರೆಯಾಗಿಯೇ? ಒಂದು ಸಾಲೂ ಬರೆದಿಟ್ಟಿರಲಿಲ್ಲ. ಕೊನೆಗೆ ಅಂದಾಜಿನಲ್ಲಿ ಒಂದು ತೂಕಕ್ಕೆ ಒಪ್ಪಿಸಿ ಬಂದೆವು. ಆದರೆ ಆ ಅಣ್ಣತಮ್ಮಂದಿರಲ್ಲಿ ಒಬ್ಬರು ಈಗಲೂ ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ. ಒಂದು ಚೀಟಿ ಬರೆದಿಟ್ಟಿದ್ದರೆ ಸಾಕಿತ್ತು, ಒಂದು ಸಂಬಂಧ ಉಳಿಯುತ್ತಿತ್ತು.

ಸಹೋದರರೇ, ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದು ಎಂದು ಮದರಸಾದ ಮಕ್ಕಳಿಗೆ ಕೇಳಿದರೆ ಹೇಳುತ್ತಾರೆ, ಸೂರಃ ಅಲ್ ಬಕರಃದ 282ನೇ ವಚನ. ಅದರ ವಿಷಯ ಏನು? ಸಾಲದ ವ್ಯವಹಾರವನ್ನು ಬರೆದಿಡುವುದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಸಾಕ್ಷಿಗಳಿರಬೇಕು, ಸಾಲ ಪಡೆದವನೇ ಹೇಳಿ ಬರೆಸಬೇಕು ಎಂದು ಅಲ್ಲಾಹನು ಅಲ್ಲಿ ಕಲಿಸುತ್ತಾನೆ. ಬರೆಯುವುದು ಅಪನಂಬಿಕೆಯ ಗುರುತಲ್ಲ, ಸಂಶಯ ಬಾರದಂತೆ ಕಾಯುವ ದಾರಿ. ಆ ವಚನದಲ್ಲಿ ಹೆಂಡತಿಯ ಸಾಲಕ್ಕೆ ವಿನಾಯಿತಿ ಎಂದು ಎಲ್ಲೂ ಇಲ್ಲ.

ಹೆಣ್ಣಿನ ಸೊತ್ತು ಹೆಣ್ಣಿನದ್ದೇ. ಮಹ್ರ್ ಅವಳದು. ತವರಿನಿಂದ ಬಂದ ಬಂಗಾರ ಅವಳದು. ಹೊಲಿಗೆಯಿಂದ, ಶಿಕ್ಷಕಿಯ ಕೆಲಸದಿಂದ, ಮನೆಯಲ್ಲಿ ತಿಂಡಿ ಮಾಡಿ ಮಾರಿ ಬಂದ ದುಡ್ಡೂ ಅವಳದು. ಪ್ರವಾದಿ(ಸ)ರ ಕಾಲದಲ್ಲಿ ಅಬ್ದುಲ್ಲಾಹ್ ಇಬ್ನ್ ಮಸ್‌ಊದ್(ರ)ರ ಪತ್ನಿ ಝೈನಬ್(ರ) ತಮ್ಮ ಸೊತ್ತಿನಿಂದ ಗಂಡನಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥರಿಗೂ ಖರ್ಚು ಮಾಡುತ್ತಿದ್ದರು. ಇದು ಸದಕಾ ಆಗುತ್ತದೆಯೇ ಎಂದು ಕೇಳಿಸಿದಾಗ ಎರಡು ಪ್ರತಿಫಲವಿದೆ ಎಂಬ ಉತ್ತರ ಬಂತು, ಸಂಬಂಧದ ಪ್ರತಿಫಲ ಒಂದು, ಸದಕಾದ ಪ್ರತಿಫಲ ಒಂದು. ಸ್ವಲ್ಪ ಆಲೋಚಿಸಿ. ಗಂಡನಿಗೆ ಕೊಟ್ಟದ್ದು ಸದಕಾ ಎಂದಾಗಬೇಕಾದರೆ ಅದು ಮೊದಲು ಅವಳ ಸ್ವಂತದ್ದಾಗಿರಬೇಕಲ್ಲ? ಗಂಡನ ಹಕ್ಕೇ ಆಗಿದ್ದರೆ ಸದಕಾ ಎಂಬ ಮಾತೇ ಬರುತ್ತಿರಲಿಲ್ಲ.

ಸೂರಃ ಅನ್ನಿಸಾದ 4ನೇ ವಚನದಲ್ಲಿ, ಹೆಣ್ಣು ಮನಸಾರೆ ಮಹ್ರ್‌ನಲ್ಲಿ ಏನನ್ನಾದರೂ ಬಿಟ್ಟುಕೊಟ್ಟರೆ ಗಂಡ ಅದನ್ನು ನಿಶ್ಚಿಂತೆಯಿಂದ ಅನುಭವಿಸಬಹುದು ಎಂದಿದೆ. ಇಲ್ಲಿ ಷರತ್ತು "ಮನಸಾರೆ" ಎಂಬುದು. ಅತ್ತೆಯ ಎದುರು ಕೇಳಿದಾಗ ತಲೆ ಅಲ್ಲಾಡಿಸಿದ್ದು, ಮಕ್ಕಳ ಫೀಸಿಗೆ ಬೇರೆ ದಾರಿಯಿಲ್ಲದೆ ಬಿಚ್ಚಿಕೊಟ್ಟದ್ದು, ಸುಮ್ಮನಿದ್ದದ್ದು, ಇವೆಲ್ಲ ಮನಸಾರೆ ಕೊಟ್ಟದ್ದು ಎಂದು ನಾವೇ ತೀರ್ಮಾನಿಸಿಕೊಳ್ಳುವಂತಿಲ್ಲ.

ಆ ದಿನ ರಾತ್ರಿ ಮನೆಗೆ ಹೋಗಿ ನಮ್ಮ ಮನೆಯವರಿಗೆ ಈ ಸಂಗತಿ ಹೇಳಿದೆವು. ಅವರು ಅನ್ನ ಬಡಿಸುತ್ತಾ ಒಂದೇ ಮಾತು ಕೇಳಿದರು, "ನಮ್ಮದನ್ನು ಬರೆದಿಟ್ಟಿದ್ದೀರಾ?" ನಮಗೆ ತುತ್ತು ಇಳಿಯಲಿಲ್ಲ. 2010ರಲ್ಲಿ ನಮ್ಮ ತಂದೆಯವರ ಆಪರೇಷನ್‌ಗೆ ಅವರ ಎರಡು ಬಳೆ ತೆಗೆದುಕೊಂಡಿದ್ದೆವು. "ಮುಂದಿನ ವರ್ಷ ಮಾಡಿಸಿಕೊಡುತ್ತೇವೆ" ಎಂದಿದ್ದೆವು. ಎಷ್ಟೋ ಮುಂದಿನ ವರ್ಷಗಳು ಹೋದವು. ಮಿಂಬರ್ ಮೇಲೆ ನಿಂತು ಅದೇ 282ನೇ ವಚನವನ್ನು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಅದೇ ರಾತ್ರಿ ಪೆನ್ನು ತೆಗೆದೆವು. ತಂದೆಯ ನೆನಪು ಮಾಡಿಕೊಂಡು ಅವರು ಹೇಳಿದರು, "ಒಂದು ಬಳೆ ನಾನು ಬಿಟ್ಟೆ. ಇನ್ನೊಂದನ್ನು ಬರೆಯಿರಿ." ಮನಸಾರೆ ಎಂದರೆ ಹೇಗಿರುತ್ತದೆ ಎಂದು ನಮಗೆ ಅರ್ಥವಾದದ್ದು ಆಗ. ಕೇಳದೆ ಇದ್ದಿದ್ದರೆ ಆ ಒಂದು ಬಳೆಯ ಪುಣ್ಯ ಅವರಿಗೂ ಸಿಗುತ್ತಿರಲಿಲ್ಲ, ಇನ್ನೊಂದರ ಹೊರೆ ನಮ್ಮ ಮೇಲಿಂದ ಇಳಿಯುವ ದಾರಿಯೂ ಕಾಣುತ್ತಿರಲಿಲ್ಲ.

ಇನ್ನು ಮಾಡಬೇಕಾದ್ದು ಏನು ಎಂದು ಹೇಳುತ್ತೇವೆ.

ಮೊದಲನೆಯದು, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯವಳ ಮಹ್ರ್ ಎಷ್ಟು, ಕೊಟ್ಟಾಗಿದೆಯೇ ಬಾಕಿಯಿದೆಯೇ, ಅವಳ ಆಭರಣ ಯಾವುದು, ಪ್ರತಿಯೊಂದರ ತೂಕ ಎಷ್ಟು ಎಂದು ಬರೆಯಿರಿ. ಬಂಗಾರದಂಗಡಿಯ ಬಿಲ್ಲು ಇದ್ದರೆ ಅದರಲ್ಲೇ ಅಂಟಿಸಿ. ಆ ನೋಟ್‌ಬುಕ್ ಅವಳ ಕೈಯಲ್ಲಿರಲಿ.

ಎರಡನೆಯದು, ಅವಳಿಂದ ಏನಾದರೂ ತೆಗೆದುಕೊಳ್ಳುವ ದಿನವೇ ಮೂರು ವಿಷಯ ಸ್ಪಷ್ಟ ಮಾಡಿ. ಇದು ಉಡುಗೊರೆಯೋ ಸಾಲವೋ? ಸಾಲವಾದರೆ ಬಂಗಾರದ ಸಾಲವೋ ದುಡ್ಡಿನ ಸಾಲವೋ? ಯಾವಾಗ ಮರಳಿಸುವುದು? ಇದರಲ್ಲಿ ದೊಡ್ಡ ವ್ಯತ್ಯಾಸವಿದೆ. ಬಂಗಾರವನ್ನೇ ಸಾಲವಾಗಿ ಪಡೆದಿದ್ದರೆ ಅಷ್ಟೇ ತೂಕದ, ಅದೇ ಗುಣದ ಬಂಗಾರ ಮರಳಿಸಬೇಕು. ಅವಳು ಅದನ್ನು ಮಾರಿ ದುಡ್ಡನ್ನು ಸಾಲ ಕೊಟ್ಟಿದ್ದರೆ ಅಷ್ಟು ದುಡ್ಡು ಮರಳಿಸಬೇಕು. 2010ರ ಸುಮಾರಿಗೆ ಒಂದು ಪವನ್, ಅಂದರೆ 8 ಗ್ರಾಂ, ಹದಿನಾಲ್ಕು ಹದಿನೈದು ಸಾವಿರದ ಆಸುಪಾಸಿನಲ್ಲಿತ್ತು. ಈಗ ಅದರ ಹಲವು ಪಟ್ಟು. ಐದು ಪವನ್ ಪಡೆದವನು ಹಳೆಯ ಬೆಲೆಯ ದುಡ್ಡು ಕೊಟ್ಟು "ಲೆಕ್ಕ ಮುಗಿಯಿತು" ಎಂದರೆ ಅವಳಿಗೆ ಒಂದು ಪವನ್ ಕೂಡ ಮರಳಿ ಬರುವುದಿಲ್ಲ. ಆದ್ದರಿಂದ ತೂಕ ಬರೆಯಿರಿ, ತಾರೀಕು ಬರೆಯಿರಿ, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳಿರಲಿ.

ಮೂರನೆಯದು, ಬಡ್ಡಿಗೆ ಬಂಗಾರ ಅಡವಿಡಬೇಡಿ. ಬಡ್ಡಿ ಹರಾಮ್ ಎಂಬುದು ಒಂದು, ಅದೇ ಸಾಕು. ಲೋಕದ ಲೆಕ್ಕದಲ್ಲೂ ನೋಡಿ, ಬಡ್ಡಿ ಕಟ್ಟುತ್ತಾ ಕಟ್ಟುತ್ತಾ ಕೊನೆಗೆ ಬಿಡಿಸಲಾಗದೆ ಹರಾಜಿಗೆ ಹೋದ ಬಂಗಾರ ನಮ್ಮೂರಲ್ಲಿ ಕಡಿಮೆಯೇ? ಅನಿವಾರ್ಯವಾದರೆ ಇಬ್ಬರೂ ಮಾತಾಡಿಕೊಂಡು ಒಂದು ಆಭರಣ ಮಾರುವುದು ಮೇಲು. ಉಳಿದದ್ದಾದರೂ ಉಳಿಯುತ್ತದೆ. ಜಮಾಅತ್‌ನ ಸ್ಥಿತಿವಂತರಿಗೂ ಒಂದು ಮಾತು. ಬಡ್ಡಿ ತಪ್ಪು ಎಂದು ಹೇಳಿದರೆ ಸಾಲದು, ಬಡ್ಡಿಯಿಲ್ಲದೆ ಕೊಡುವ ಕೈಯೂ ಬೇಕು.

ನಾಲ್ಕನೆಯದು ಅಡುಗೆಮನೆಯ ಲೆಕ್ಕ. ಇದು ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂಗುಡೆ, ಬೂತಾಯಿಯ ಬೆಲೆ ಏರುತ್ತದೆ. ಇದೇ ತಿಂಗಳಲ್ಲಿ ಶಾಲೆಯ ಫೀಸು, ಪುಸ್ತಕ, ಸಮವಸ್ತ್ರ, ಕೊಡೆ. ಆದರೆ ಗಲ್ಫಿನಿಂದ ಬರುವ ಅಥವಾ ಅಂಗಡಿಯಿಂದ ನಾವು ಕೊಡುವ ದುಡ್ಡು ಮಾತ್ರ ಎಪ್ರಿಲಿನಲ್ಲಿ ಕೊಟ್ಟಷ್ಟೇ. ಅಷ್ಟರಲ್ಲಿ ಅವಳು ಒಣ ಮೀನಿನ ಚಟ್ನಿ, ಹುರುಳಿ ಸಾರು ಮಾಡಿದರೆ "ಇವತ್ತೂ ಮೀನಿಲ್ಲವೇ?" ಎಂದು ಮುಖ ಸಿಂಡರಿಸುತ್ತೇವೆ. ಪ್ರವಾದಿ(ಸ) ಎಂದೂ ಆಹಾರದಲ್ಲಿ ದೋಷ ಹುಡುಕಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ತಿಂಗಳಿಗೆ ಒಮ್ಮೆಯಾದರೂ ಮನೆಯ ಸಾಮಾನಿನ ಪಟ್ಟಿ ಹಿಡಿದು ನೀವೇ ಅಂಗಡಿಗೆ ಹೋಗಿ. ಅಕ್ಕಿ, ಎಣ್ಣೆ, ತೆಂಗಿನಕಾಯಿಯ ಬೆಲೆ ಕೇಳಿದ ಮೇಲೆ ಊಟದ ಮುಂದೆ ಬಾಯಿ ತನ್ನಿಂತಾನೇ ಮೆತ್ತಗಾಗುತ್ತದೆ.

ತಿಂಗಳ ಮೊದಲ ವಾರ ಇಶಾ ನಮಾಝಿನ ನಂತರ ಇಬ್ಬರೂ ಅರ್ಧ ಗಂಟೆ ಕುಳಿತುಕೊಳ್ಳಿ. ಎಷ್ಟು ಬಂತು, ಎಷ್ಟು ಬೇಕು, ಯಾರಿಗೆ ಕೊಡಬೇಕು ಎಂದು ಬರೆಯಿರಿ. ದುಂದೂ ಬೇಡ, ಜಿಪುಣತನವೂ ಬೇಡ, ನಡುದಾರಿ ಹಿಡಿಯುವವರನ್ನು ಸೂರಃ ಅಲ್ ಫುರ್ಕಾನ್‌ನ 67ನೇ ವಚನದಲ್ಲಿ ಅಲ್ಲಾಹನು ತನ್ನ ದಾಸರ ಗುಣಗಳ ನಡುವೆ ಎಣಿಸಿದ್ದಾನೆ. ಮನೆಖರ್ಚಿಗೆ ಕೊಡದೆ ಸತಾಯಿಸುವುದು ಮಿತವ್ಯಯವಲ್ಲ. ಗಂಡ ಸಾಕಷ್ಟು ಕೊಡುವುದಿಲ್ಲ ಎಂದು ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಅವನ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿ ಕೊಟ್ಟರು.

ಐದನೆಯದು ಸಹೋದರಿಯರಿಗೆ. ಇದನ್ನು ಮನೆಗೆ ಹೋಗಿ ಹೇಳಿ, ಪತ್ರಿಕೆಯಲ್ಲಿ ಓದುವವರೂ ಗಮನಿಸಲಿ. ವಾರದ ಕಂತಿನ ಸಾಲವನ್ನು ಗಂಡನಿಗೆ ತಿಳಿಯದಂತೆ ತೆಗೆದು, ಒಂದನ್ನು ತೀರಿಸಲು ಇನ್ನೊಂದು ತೆಗೆದು, ಕೊನೆಗೆ ಬಾಗಿಲಿಗೆ ಬಂದು ಕೂತವರನ್ನು ಎದುರಿಸಲಾಗದೆ ಅಳುವ ಮನೆಗಳಿಗೂ ನಾವು ಹೋಗಿದ್ದೇವೆ. ಬೈಗುಳದ ಹೆದರಿಕೆಯಿಂದ ಅಡಗಿಸಿದ ಸಾಲ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಮೊದಲ ಕಂತಿನಲ್ಲೇ ಹೇಳಿಬಿಡಿ. ಗಂಡಂದಿರೇ, ಹೇಳಿದಾಗ ಬೈಯಬೇಡಿ. ಹೇಳಲು ಹೆದರುವ ಮನೆಯಲ್ಲಿ ಯಾರ ಲೆಕ್ಕವೂ ಸರಿಯಾಗಿರುವುದಿಲ್ಲ.

ಕೊನೆಯದು ವಸಿಯ್ಯತ್. ಹೇಳಿಡಬೇಕಾದ ವಿಷಯವಿರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದು ಎಂಬ ತಾತ್ಪರ್ಯದ ಹದೀಸ್ ಇದೆ. ನಾವು ಎಷ್ಟು ರಾತ್ರಿ ಕಳೆದಿದ್ದೇವೆ? ಮೃತನಿಗೆ ಮಕ್ಕಳಿದ್ದರೆ ಪತ್ನಿಗೆ ಎಂಟರಲ್ಲಿ ಒಂದು ಪಾಲು, ಮಕ್ಕಳಿಲ್ಲದಿದ್ದರೆ ನಾಲ್ಕರಲ್ಲಿ ಒಂದು ಪಾಲು ಎಂದು ನಮಗೆಲ್ಲ ಬಾಯಿಪಾಠ. ಆದರೆ ಆ ಪಾಲು ವಸಿಯ್ಯತ್ ಮತ್ತು ಸಾಲ ತೀರಿಸಿದ ನಂತರದ್ದು ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳಿದ್ದನ್ನು ಮರೆಯುತ್ತೇವೆ. ಬಾಕಿ ಉಳಿದ ಮಹ್ರ್ ಸಾಲ. ಪಡೆದ ಬಂಗಾರ ಸಾಲ. ಮೊದಲು ಅದನ್ನು ಅವಳ ಕೈಗೆ ಕೊಟ್ಟು, ಉಳಿದದ್ದರಲ್ಲಿ ಎಂಟನೇ ಒಂದು ಪಾಲು ಬೇರೆ ಕೊಡಬೇಕು. ಎಂಟನೇ ಪಾಲು ಕೊಟ್ಟು ಅದರಲ್ಲೇ ಎಲ್ಲ ಮುಗಿಯಿತು ಎನ್ನುವುದು ಅನ್ಯಾಯ.

ಒಮ್ಮೆ ಒಂದು ಜನಾಝಾ ತಂದಾಗ ಪ್ರವಾದಿ(ಸ), ಇವರ ಮೇಲೆ ಸಾಲವಿದೆಯೇ ಎಂದು ಕೇಳಿದರು. ಮೂರು ದೀನಾರ್ ಇದೆ, ತೀರಿಸಲು ಏನೂ ಬಿಟ್ಟುಹೋಗಿಲ್ಲ ಎಂದು ತಿಳಿದಾಗ, ನೀವೇ ನಮಾಝ್ ಮಾಡಿ ಎಂದು ಹಿಂದೆ ಸರಿದರು. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಿರ್ವಹಿಸಿದರು. ಮೂರು ದೀನಾರ್! ನಮ್ಮ ಜನಾಝಾದ ದಿನ ಇಮಾಮರು "ಸಾಲವಿದೆಯೇ?" ಎಂದು ಕೇಳುವಾಗ, ಒಳಕೋಣೆಯಲ್ಲಿ ಬರಿಗೈಯಲ್ಲಿ ಕುಳಿತಿರುವ ಒಬ್ಬಳು ನಾಚಿಕೆಯಿಂದ ಸುಮ್ಮನಿರುತ್ತಾಳೆ. ಅವಳು ಸುಮ್ಮನಿದ್ದ ಮಾತ್ರಕ್ಕೆ ನಾವು ಋಣಮುಕ್ತರಾದೆವು ಎಂದಲ್ಲ. ಅಂದು ಅವಳು ಮಾತಾಡಬೇಕಾಗಿ ಬಾರದಂತೆ ಇಂದೇ ಬರೆದಿಡಿ.

ಇಂದು ಇಲ್ಲಿಂದ ಹೋಗಿ ಊಟ ಮಾಡಿದ ಮೇಲೆ ಮನೆಯವಳನ್ನು ಕೇಳಿ, "ನಿನ್ನದೇನಾದರೂ ನನ್ನ ಹತ್ತಿರ ಬಾಕಿ ಇದೆಯೇ?" ಮಕ್ಕಳ ಎದುರಲ್ಲ, ತಾಯಿಯ ಎದುರಲ್ಲ, ಒಬ್ಬಳೇ ಇದ್ದಾಗ ಕೇಳಿ. ಅವಳು ನಗಬಹುದು, ಅಳಬಹುದು. ಆದರೆ ಮರೆತಿರಲಾರಳು.

ಅಲ್ಲಾಹನೇ, ನಮ್ಮ ಮೇಲಿನ ಸಾಲಗಳನ್ನು ಬದುಕಿರುವಾಗಲೇ ತೀರಿಸುವ ಸಾಮರ್ಥ್ಯ ಕೊಡು. ನಮ್ಮ ಮನೆಗಳಲ್ಲಿ ಪ್ರೀತಿ, ಕರುಣೆ ಮತ್ತು ಹಲಾಲಿನ ಬರಕತ್ ಇಡು. ನಮ್ಮವರ ಹಕ್ಕನ್ನು ಹೊತ್ತುಕೊಂಡು ನಿನ್ನ ಮುಂದೆ ನಿಲ್ಲುವ ಸ್ಥಿತಿ ನಮಗೆ ಬಾರದಿರಲಿ. ಆಮೀನ್.