ಪಣ, ಪಾರಿತೋಷಕ ಮತ್ತು ಸಭಿಕ



ಶಹಾಬಾದಿನ ಸಮೀಪದ ಮರತೂರು ಮಿತಾಕ್ಷರದ ಕರ್ತೃವಾದ ವಿಜ್ಞಾನೇಶ್ವರನ ಊರೆಂಬುದು ತಮಗೆಲ್ಲ ವಿದಿತವೇ ಆಗಿದೆ. ಆದರೆ ದಾಯವಿಭಾಗದ ವ್ಯಾಜ್ಯಗಳಿಗಾಗಿ ನ್ಯಾಯಾಲಯಗಳು ಮತ್ತೆ ಮತ್ತೆ ತೆರೆದು ನೋಡಿದ ಆ ಗ್ರಂಥದಲ್ಲಿ ದ್ಯೂತಸಮಾಹ್ವಯವೆಂಬ ಜೂಜಿನ ಪ್ರಕರಣವೂ ಒಂದುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಜೂಜನ್ನು ಮನುವು ನಿಷೇಧಿಸಿದರೆ, ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯನು ಆಟ ನಡೆಸುವ ಸಭಿಕನಿಗೆ ನೂರಕ್ಕೆ ಐದೋ ಹತ್ತೋ ಪಾಲನ್ನು ವಿಧಿಸಿ, ರಾಜಭಾಗವನ್ನು ಸಲ್ಲಿಸುವ ಮತ್ತು ಗೆದ್ದವನಿಗೆ ಹಣ ಮುಟ್ಟಿಸುವ ಹೊಣೆಯನ್ನೂ ಅವನ ಮೇಲೆಯೇ ಹೊರಿಸಿದನು.

ಆ ಸಭಿಕನು ಇಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳ ನಮ್ಮ ಮನೆಗಳಲ್ಲಿಯೇ ತನಗರಿವಿಲ್ಲದೆ ಬೆಳೆಯಬಹುದೆಂಬ ಕಳವಳದಿಂದಲೇ ಈ ವಿಷಯವನ್ನು ಆರಿಸಿಕೊಂಡೆನು. ವಾಡಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿರಿ: ಹಿರಿಯರು ಚೌಕಾಬಾರಕ್ಕೆಂದು ಗೆರೆ ಕೊರೆದ ಪರಸಿಕಲ್ಲಿನ ಕಟ್ಟೆಯ ಮೇಲೆ ಕುಳಿತು, ‘ಎಂಟ್ರಿ 50, ವಿನ್ನರ್‌ಗೆ 3,000’ ಎಂದು ವಾಟ್ಸಾಪಿಗೆ ಹಾಕುತ್ತಾನೆ, ನೂರು ಮಂದಿ ಫೋನ್‌ಪೇ ಮಾಡಿ ಮೊಬೈಲ್ ಆಟಕ್ಕೆ ಸೇರಿಸುವ ರೂಮ್ ಐಡಿ ಪಡೆಯುತ್ತಾರೆ, ಕೂಡಿದ 5,000 ರೂಪಾಯಿಗಳಲ್ಲಿ ಬಹುಮಾನಗಳಿಗೆ 4,000 ಹೋಗಿ, ಉಳಿದ ಸಾವಿರ ಅವನ ಜೇಬು ಸೇರುತ್ತದೆ. ಅವನಿಗೆ ಅದು ಟೂರ್ನಮೆಂಟು.

ಒಂದು ಕಾಲಕ್ಕೆ ಅವನಿಗೆ, ಇದು ಕೌಶಲದ ಆಟವೆಂಬ ಸಮರ್ಥನೆಯಿದ್ದಿತು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಪದಬಂಧ ಸ್ಪರ್ಧೆಗಳಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಜೂಜಿಗೂ ಕೌಶಲಕ್ಕೂ ಗೆರೆಯೆಳೆಯಿತು. ಆ ಗೆರೆಯನ್ನು ಅಳಿಸಹೊರಟ 2021ರ ಕರ್ನಾಟಕ ಪೊಲೀಸ್ ತಿದ್ದುಪಡಿಯ ವಿಧಿಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ರದ್ದುಗೊಳಿಸಿತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಆಟವು ಕೌಶಲದ್ದೋ ಅದೃಷ್ಟದ್ದೋ ಎಂದು ಕೇಳುವುದೇ ಇಲ್ಲ. ಆಡುವವನು ಹಣ ಕೊಟ್ಟು ಹಣವನ್ನು ನಿರೀಕ್ಷಿಸಿದನೆ ಎಂದಷ್ಟೇ ಕೇಳುತ್ತದೆ. ನಡೆಸಿದವನಿಗೆ ಮೂರು ವರ್ಷಗಳವರೆಗಿನ ಸೆರೆ, ಒಂದು ಕೋಟಿಯವರೆಗಿನ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ಮಾನ್ಯತೆ ಪಡೆದು ನೋಂದಾಯಿತವಾದ ಇ-ಸ್ಪೋರ್ಟ್ಸಿಗೆ ಬಹುಮಾನ ನಿಷಿದ್ಧವಲ್ಲವಾದರೂ, ಅಲ್ಲಿಯೂ ಶುಲ್ಕವು ಪ್ರವೇಶಕ್ಕೂ ನಿರ್ವಹಣೆಯ ವೆಚ್ಚಕ್ಕೂ ಮೀಸಲು, ಪಣಕ್ಕಲ್ಲ.

ಗೆದ್ದವನ ಗತಿಯೂ ಚಿಂತನೀಯವೇ. ಹಣ ಕೈಸೇರದಿದ್ದರೆ ಯಾಜ್ಞವಲ್ಕ್ಯನ ಕಾಲದ ಆಟಗಾರನು ರಾಜನ ಬಳಿಗೆ ಹೋಗಬಹುದಾಗಿದ್ದಿತು. ಪಣದ ಒಪ್ಪಂದವನ್ನು ಶೂನ್ಯವೆನ್ನುವ 1872ರ ಕರಾರು ಕಾಯಿದೆಯ 30ನೆಯ ಕಲಮಿನೆದುರು ಇಂದು ಗೆದ್ದವನಿಗೆ ಆ ಬಾಗಿಲಿಲ್ಲ. ಹದಿನೆಂಟು ತುಂಬದವನಿಗಂತೂ ಕರಾರು ಮಾಡುವ ಅರ್ಹತೆಯೇ ಇಲ್ಲ, ಮತ್ತು ಈ ಆಟಗಳ ಮುಂದೆ ಕೂರುವವರಲ್ಲಿ ಅಂಥವರೆಷ್ಟು ಮಂದಿಯೆಂಬುದನ್ನು ಪ್ರತಿಯೊಬ್ಬ ತಾಯಿಯೂ ಬಲ್ಲಳು.

ಪಣವಿಲ್ಲದ ಬಹುಮಾನಕ್ಕಾದರೆ ನಮ್ಮ ಜಾತ್ರೆಯ ಕುಸ್ತಿಯನ್ನು ನೆನೆಯಿರಿ. ತೆಂಗಿನಕಾಯಿಯ ಜೋಡಿಗಳಿಂದ ಮೊದಲಾಗಿ ಬೆಳ್ಳಿಯ ಕಡಗದ ಕೊನೆಯ ಜೋಡಿಯವರೆಗೆ, ಕಣಕ್ಕಿಳಿಯುವ ಪೈಲ್ವಾನನು ಒಂದು ಕಾಸನ್ನೂ ಕಟ್ಟುವುದಿಲ್ಲ. ಕಡಗವನ್ನು ಕೊಡುವವರು ಊರಿನವರು, ಸೋತವನ ಜೇಬಿನಿಂದ ಅದು ಬಂದುದಲ್ಲ. ವಾಡಿಯ ಆ ಹುಡುಗನಿಗೆ ನಾನು ಹೇಳಬಯಸುವುದಿಷ್ಟು: ಆ ಐವತ್ತು ರೂಪಾಯಿಗಳನ್ನು ಕೇಳಬೇಡಪ್ಪ, ಬಹುಮಾನಕ್ಕೆ ಊರಿನ ಅಂಗಡಿಯವರನ್ನು ಕೇಳು, ಆಟದ ಒಡೆಯರಾದ ಕಂಪನಿಯ ಅನುಮತಿಯನ್ನು ಬರಹದಲ್ಲಿ ಪಡೆ, ಮತ್ತು ಪೋಸ್ಟರ್ ಹಾಕುವುದಕ್ಕೆ ಮುಂಚೆ ಒಬ್ಬ ವಕೀಲರಿಗೆ ತೋರಿಸು.